ಎಡಗಾಲಿನ ಸಾಕ್ಷಿ

ಫೆಬ್ರುವರಿ ೩

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ನಿನಗೆ ವಂದನೆಗಳು. ನಾನೂ ನಿನ್ನ ಅಮ್ಮನೂ ಕ್ಷೇಮ. ನೀನು ಮನೆ ಬಿಟ್ಟು ಹೋಗಿ ಎರಡನೇ ವರ್ಷ ನಡೆಯುತ್ತಿದೆ. ಫೋನ್ ಮಾಡಿದರೆ ಕೆಲಸದಲ್ಲಿದ್ದೇನೆ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲವಲ್ಲ.

ಸಂತೋಷದ ಸುದ್ದಿ ಇದೆ. ನಮ್ಮ ಸಭೆಯ ಹೊಸ ಕಟ್ಟಡಕ್ಕೆ ತಾರಸಿ ಹಾಕಿದ್ದಾಯಿತು. ಏಪ್ರಿಲ್ ತಿಂಗಳಲ್ಲಿ ಪ್ರತಿಷ್ಠೆಯ ಆರಾಧನೆ. ನೀನಿಲ್ಲದೆ ಆ ಬಾಗಿಲು ತೆರೆಯುವುದು ಹೇಗೆ? ಈ ಸಭೆ ಹುಟ್ಟಿದ್ದೇ ನಿನ್ನ ಎಡಗಾಲಿನಿಂದ. ನೀನು ಎರಡನೇ ಕ್ಲಾಸಿನಲ್ಲಿದ್ದಾಗ ಆ ಬಯಲು ಪ್ರಾರ್ಥನಾ ಕೂಟದಲ್ಲಿ ನಿನ್ನನ್ನು ಕುರ್ಚಿಯ ಮೇಲೆ ಕೂರಿಸಿ, ನಿನ್ನ ಎರಡೂ ಹಿಮ್ಮಡಿಗಳನ್ನು ನನ್ನ ಅಂಗೈಯಲ್ಲಿಟ್ಟುಕೊಂಡು ಪ್ರಾರ್ಥಿಸಿದೆ. ಗಿಡ್ಡ ಕಾಲು ಎಲ್ಲರ ಕಣ್ಣೆದುರೇ ಉದ್ದವಾಯಿತು. ಆ ದಿನ ಅಳುತ್ತಾ ಮುಂದೆ ಬಂದವರೇ ಇಂದಿಗೂ ನಮ್ಮ ಮೊದಲ ಸಾಲಿನಲ್ಲಿ ಕೂರುತ್ತಾರೆ. ಪ್ರತಿ ವರ್ಷ ಸಾಕ್ಷಿ ಸಭೆಯಲ್ಲಿ ನೀನು ಬಿಳಿ ಬೂಟು ಹಾಕಿಕೊಂಡು ಬಾಗಿಲಿನಿಂದ ಪೀಠದವರೆಗೆ ನಡೆದು ಬರುವುದನ್ನು ನೋಡಲು ಜನ ಕಾಯುತ್ತಿದ್ದರು. ಹೊಸ ಕಟ್ಟಡದಲ್ಲಿ ಆ ದಾರಿ ಇನ್ನೂ ಉದ್ದ ಇದೆ. ನಾನೇ ನಿಂತು ಮಾಡಿಸಿದ್ದೇನೆ.

ಒಂದು ಮಾತು. ನಮ್ಮ ಖಜಾಂಚಿ ನೀನಿರುವ ಊರಿಗೆ ಬಂದಿದ್ದಾಗ ನಿನ್ನನ್ನು ರಸ್ತೆಯಲ್ಲಿ ನೋಡಿದರಂತೆ. ಎಡಗಾಲಿಗೆ ಮಾತ್ರ ದಪ್ಪ ಅಟ್ಟೆಯ ಬೂಟು ಹಾಕಿದ್ದಳು ಅಂದರು. ಅದು ಬೇರೆ ಯಾರೋ ಇರಬೇಕು ಎಂದೆ. ಬೇರೆ ಯಾರೋ ತಾನೆ?

ಬಿಳಿ ಬೂಟಿಗೆ ಪಾಲಿಶ್ ಮಾಡಿಡಲು ಅಮ್ಮನಿಗೆ ಹೇಳಿದ್ದೇನೆ.

ಕರ್ತನ ಸೇವೆಯಲ್ಲಿ,
ನಿನ್ನ ತಂದೆ

ಫೆಬ್ರುವರಿ ೧೯

ಅಪ್ಪಾ,

ಬೇರೆ ಯಾರೋ ಅಲ್ಲ, ನಾನೇ. ಖಜಾಂಚಿ ಅಂಕಲ್ ಕಣ್ಣು ಚೆನ್ನಾಗಿಯೇ ಇದೆ, ಅದಕ್ಕಾಗಿ ಪ್ರಾರ್ಥನೆ ಬೇಡ.

ಬೂಟು ಹೊಲಿಯುವ ಕಡೆ ಕೆಲಸ ಸಿಕ್ಕಿತು ಎಂದು ಹೇಳಿದ್ದೆ. ಎಂಥ ಬೂಟು ಎಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈ ವರ್ಕ್‌ಶಾಪಿಗೆ ಬರುವವರೆಲ್ಲ ಕಾಲು ಸರಿಯಿಲ್ಲದವರು. ಒಬ್ಬೊಬ್ಬರ ಪಾದಕ್ಕೆ ಒಂದೊಂದು ಅಚ್ಚು, ಒಂದೊಂದು ಅಟ್ಟೆ. ನಮ್ಮ ಮೇಸ್ತ್ರಿ ಮಹಾ ಸಿಡುಕರು. ನಾನು ಸೇರಿದ ಹೊಸದರಲ್ಲಿ ಬಾಗಿಲಿನಿಂದ ಹೊಲಿಗೆ ಯಂತ್ರದವರೆಗೆ ಅಭ್ಯಾಸಬಲದಿಂದ ನೆಟ್ಟಗೆ, ಮುಗುಳ್ನಗುತ್ತಾ ನಡೆದು ಹೋಗುತ್ತಿದ್ದೆ. ಒಂದು ದಿನ ಕತ್ತರಿ ಕೆಳಗಿಟ್ಟು ನೋಡಿದರು.

"ಯಾರಿಗಮ್ಮಾ ಈ ಮೆರವಣಿಗೆ? ಇಲ್ಲಿ ಯಾರೂ ಚಪ್ಪಾಳೆ ಹೊಡೆಯಲ್ಲ. ಕುಂಟೋದಾದ್ರೆ ಕುಂಟು, ಹೊಲಿಗೆ ನೆಟ್ಟಗಿದ್ರೆ ಸಾಕು."

ಆಮೇಲೆ ಬೈದುಕೊಂಡೇ ನನಗೆ ಎರಡು ಬೆರಳು ದಪ್ಪದ ಅಟ್ಟೆ ಕಟ್ಟಿ ಕೊಟ್ಟರು. ಅದನ್ನು ಹಾಕಿಕೊಂಡು ಸಂಜೆ ಮಾರ್ಕೆಟ್ಟಿಗೆ ಹೋದೆ. ತರಕಾರಿ ಕೊಂಡೆ, ಕ್ಯೂನಲ್ಲಿ ನಿಂತೆ, ರೂಮಿನ ಮೆಟ್ಟಿಲು ಹತ್ತಿದೆ. ಏನೋ ಮರೆತು ಬಂದಿದ್ದೇನೆ ಅನಿಸುತ್ತಿತ್ತು. ಬಾಗಿಲು ತೆಗೆಯುವಾಗ ಗೊತ್ತಾಯಿತು, ಸೊಂಟ ನೋಯುತ್ತಿಲ್ಲ. ನೋವಿಲ್ಲದಿದ್ದರೆ ಹೇಗಿರುತ್ತದೆ ಎಂಬುದೇ ನನಗೆ ತಿಳಿದಿರಲಿಲ್ಲ ಅಪ್ಪ. ನೋವು ಎಲ್ಲರಿಗೂ ಇರುತ್ತದೆ, ನಂಬಿಕೆ ಉಳ್ಳವರು ಹೇಳಿಕೊಳ್ಳುವುದಿಲ್ಲ ಅಷ್ಟೆ ಎಂದುಕೊಂಡಿದ್ದೆ.

ಇಲ್ಲಿ ಒಂದು ಅಳತೆಯ ಸ್ಟೂಲು ಇದೆ. ಯಾರೇ ಬಂದರೂ ಮೊದಲು ಬೆನ್ನು ಗೋಡೆಗೆ ತಾಗಿಸಿ ಅದರ ಮೇಲೆ ಕೂರಬೇಕು. ಸೊಂಟ ಒಂದು ಕಡೆಗೆ ವಾಲಿದರೆ ಕಾಲು ಗಿಡ್ಡ ಕಾಣುತ್ತದೆ, ಇನ್ನೊಂದು ಕಡೆಗೆ ವಾಲಿದರೆ ಉದ್ದ ಕಾಣುತ್ತದೆ. ಮೊನ್ನೆ ಒಬ್ಬ ಅಜ್ಜಿಯನ್ನು ಸರಿಯಾಗಿ ಕೂರಿಸದೆ ಹಿಮ್ಮಡಿ ಎರಡನ್ನೂ ಅಂಗೈಯಲ್ಲಿ ಹಿಡಿದುಕೊಂಡೆ. ಸ್ವಲ್ಪ ಎಳೆದೆ. ಗಿಡ್ಡ ಕಾಲು ನನ್ನ ಕೈಯಲ್ಲೇ ಉದ್ದವಾಗಿ ಇನ್ನೊಂದಕ್ಕೆ ಸಮ ಬಂತು. ನಾನು ಪ್ರಾರ್ಥನೆಯನ್ನೂ ಮಾಡಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಜ್ಜಿ ಪಾಪ, ನನಗೇ ನೀರು ಕೊಟ್ಟರು.

ಒಂದೇ ಪ್ರಶ್ನೆ. ನಿಮಗೆ ಗೊತ್ತಿತ್ತಾ?

ಆ ದಿನ ಗೊತ್ತಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆಮೇಲೆ? ಸಾಕ್ಷಿ ಸಭೆಯ ಹಿಂದಿನ ದಿನ ಅಮ್ಮ ನನ್ನ ಎಡ ಬೂಟಿನೊಳಗೆ ಬಟ್ಟೆಯ ಮಡಿಕೆ ಇಟ್ಟು ಹೊಲಿಯುತ್ತಿದ್ದಳು. ಬೂಟು ದೊಡ್ಡದು, ಅದಕ್ಕೆ ಅನ್ನುತ್ತಿದ್ದಳು. ಬಲ ಬೂಟು ಮಾತ್ರ ಒಂದು ವರ್ಷವೂ ದೊಡ್ಡದಾಗಲಿಲ್ಲ. ನಾನು ಬೆಳೆದಂತೆ ಮಡಿಕೆಯೂ ದಪ್ಪವಾಯಿತು. ನನ್ನ ನಂಬಿಕೆ ಸಾಲದೆ ಕಾಲು ಪೂರ್ತಿ ಬೆಳೆಯುತ್ತಿಲ್ಲ ಎಂದುಕೊಂಡು ನಾನು ಸ್ಕೂಲಿಗೆ ಉಪವಾಸ ಹೋಗುತ್ತಿದ್ದೆ. ಅದನ್ನೂ ನೀವು ಪೀಠದಿಂದ ಹೇಳಿ ಹೆಮ್ಮೆಪಟ್ಟಿರಿ.

ನಾನು ಬರುವುದಿಲ್ಲ.

ಮಗಳು

ಮಾರ್ಚ್ ೧೦

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ವಂದನೆಗಳು. ನಿನ್ನ ಕಾಗದ ಓದಿ ಬಹಳ ನೊಂದುಕೊಂಡೆ. ನಿನ್ನದು ಪ್ರಶ್ನೆಯಲ್ಲ, ಗಾಯ. ಗಾಯಕ್ಕೆ ಉತ್ತರ ಕೊಡಲಾಗುವುದಿಲ್ಲ, ಎಣ್ಣೆ ಹಚ್ಚಬೇಕು. ದೇವರ ಕೆಲಸವನ್ನು ಟೇಪು ಹಿಡಿದು ಅಳೆಯಲು ಹೊರಟರೆ ಮನುಷ್ಯನಿಗೆ ಏನೂ ಉಳಿಯುವುದಿಲ್ಲ. ಬೂಟು ಹೊಲಿಯುವವರ ಮಾತು ಕೇಳಿಕೊಂಡು ನೀನು ತಂದೆಯನ್ನು ವಿಚಾರಣೆಗೆ ನಿಲ್ಲಿಸಿದ್ದೀಯ.

ಖಜಾಂಚಿ ಸುಮ್ಮನಿರಲಿಲ್ಲ, ನಾಲ್ಕು ಜನಕ್ಕೆ ಹೇಳಿಬಿಟ್ಟಿದ್ದಾರೆ. ಎಲ್ಲರೂ ನನ್ನನ್ನು ಕೇಳುತ್ತಿದ್ದಾರೆ. ಸಭೆಗೆ ಏನಾದರೂ ಹೇಳಲೇಬೇಕಲ್ಲ. ಕಳೆದ ಭಾನುವಾರ ಹೇಳಿದೆ. ಪಡೆದ ಸ್ವಸ್ಥತೆಯನ್ನು ನಂಬಿಕೆಯಿಂದ ಕಾಪಾಡಿಕೊಳ್ಳದಿದ್ದರೆ ಅದು ಕೈಬಿಟ್ಟು ಹೋಗುತ್ತದೆ, ನನ್ನ ಸ್ವಂತ ಮನೆಯಲ್ಲೇ ಹಾಗಾಗಿದೆ ಎಂದೆ. ಹೆಸರು ಹೇಳಲಿಲ್ಲ. ಎಲ್ಲರೂ ಮೊಣಕಾಲೂರಿ ನಿನಗಾಗಿ ಅತ್ತರು. ನಿನ್ನ ಮೇಲೆ ಎಷ್ಟು ಜನರಿಗೆ ಪ್ರೀತಿ ಇದೆ ನೋಡು.

ಇನ್ನೂ ಸಮಯ ಮೀರಿಲ್ಲ. ಆ ಬೂಟನ್ನು ಅಲ್ಲೇ ಬಿಟ್ಟು ಬಾ.

ಕರ್ತನ ಸೇವೆಯಲ್ಲಿ,
ನಿನ್ನ ತಂದೆ

ಮಾರ್ಚ್ ೧೪

ಪುಟ್ಟೀ,

ಅಪ್ಪನಿಗೆ ಹೇಳದೆ ಬರೆಯುತ್ತಿದ್ದೇನೆ. ನನಗೆ ಕಾಗದ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಸರಿಮಾಡಿಕೊಂಡು ಓದು.

ಆ ಭಾನುವಾರ ಅವರು ಆ ಮಾತು ಆಡಿದಾಗ ನಾನು ಎದ್ದು ಹೊರಗೆ ಹೋಗಿ ನೀರಿನ ಡ್ರಮ್ಮಿನ ಹತ್ತಿರ ನಿಂತುಕೊಂಡೆ. ಪಾಸ್ಟರಮ್ಮನಿಗೆ ತಲೆ ಸುತ್ತು ಬಂತು ಎಂದು ಇಬ್ಬರು ಹೆಂಗಸರು ಬಂದು ಗಾಳಿ ಹಾಕಿದರು. ಹಾಕಿಸಿಕೊಂಡೆ. ಇನ್ನೇನು ಮಾಡಲಿ.

ನಿನ್ನ ಕಾಗದ ಅವರ ಬೈಬಲಿನಲ್ಲಿ ಸಿಕ್ಕಿತು, ಓದಿದೆ. ಬಟ್ಟೆಯ ವಿಷಯ ಬರೆದಿದ್ದೀಯ. ಹೌದು, ನಾನೇ ಇಡುತ್ತಿದ್ದೆ. ನೀನು ಕುಂಟಿದರೆ ಅಪ್ಪ ಸುಳ್ಳಾಗುತ್ತಿದ್ದರು. ಅಪ್ಪ ಸುಳ್ಳಾದರೆ ನಮ್ಮ ಮನೆಯೇ ಇಲ್ಲ. ನಿನಗೆ ಒತ್ತಬಾರದು ಅಂತ ಮೆತ್ತನೆ ಬಟ್ಟೆ ಹುಡುಕುತ್ತಿದ್ದೆ. ಅಪ್ಪನ ಹಳೇ ಬಿಳಿ ಅಂಗಿಗಳೇ ಎಲ್ಲಕ್ಕಿಂತ ಮೆತ್ತಗಿದ್ದವು. ಪೀಠದಲ್ಲಿ ನಿಂತು ಪ್ರಸಂಗ ಮಾಡಿ ಬೆವರಿ ಬೆವರಿ, ನಾನು ಒಗೆದೂ ಒಗೆದೂ ಹಾಗಾಗಿದ್ದವು. ಅವರಿಗೆ ಗೊತ್ತಾದರೆ ಕುಗ್ಗಿಹೋಗುತ್ತಾರೆ ಎಂದು ಇಷ್ಟು ವರ್ಷ ನಾನಾಗಿ ಬಾಯಿ ಬಿಟ್ಟಿರಲಿಲ್ಲ.

ಸೊಂಟ ನೋಯುತ್ತೆ ಅಂತ ನೀನು ಒಂದು ಸಲವೂ ಹೇಳಲಿಲ್ಲವಲ್ಲೇ. ಹೇಳಿದ್ದರೆ ಏನು ಮಾಡುತ್ತಿದ್ದೆನೋ, ಅದೂ ನನಗೆ ಗೊತ್ತಿಲ್ಲ.

ಬಿಳಿ ಬೂಟು ಮಂಚದ ಕೆಳಗೇ ಇದೆ. ಪಾಲಿಶ್ ಮಾಡಿಲ್ಲ. ಮಾಡಿದ್ದೇನೆ ಎಂದು ಅವರಿಗೆ ಹೇಳಿದ್ದೇನೆ. ನೀನು ಬರಬೇಡ.

ಅಮ್ಮ

ಏಪ್ರಿಲ್ ೨೮

ಅಪ್ಪಾ,

ಪ್ರತಿಷ್ಠೆ ಭರ್ಜರಿಯಾಗಿ ನಡೆಯಿತೆಂದು ತಿಳಿಯಿತು. ಅಷ್ಟುದ್ದದ ದಾರಿಯಲ್ಲಿ ನನ್ನ ಬದಲು ಯಾರನ್ನು ನಡೆಸಿದಿರಿ?

ಹೆಸರು ಹೇಳಲಿಲ್ಲ ಎಂದು ಬರೆದಿದ್ದೀರಿ. ನಿಮಗೆ ಎಷ್ಟು ಜನ ಹೆಣ್ಣುಮಕ್ಕಳು ಅಪ್ಪ? ಕಾಲು ಉದ್ದವಾದಾಗಲೂ ಪ್ರಸಂಗ ನಿಮ್ಮದಾಯಿತು, ಗಿಡ್ಡವಾದಾಗಲೂ ನಿಮ್ಮದೇ ಆಯಿತು. ನೋವು ಮಾತ್ರ ಎರಡು ಸಲವೂ ನನ್ನ ಪಾಲಿಗೆ ಬಂತು. ಇಂಥ ವ್ಯಾಪಾರ ನಮ್ಮ ಮೇಸ್ತ್ರಿಗೂ ಬರುವುದಿಲ್ಲ.

ನಾನು ದೇವರನ್ನು ಬಿಟ್ಟೆ ಎಂದು ಮುಂದಿನ ಭಾನುವಾರ ಹೇಳುತ್ತೀರೇನೋ. ಅದಕ್ಕೆ ಮೊದಲೇ ತಿಳಿಸುತ್ತೇನೆ. ಇಲ್ಲಿ ನನ್ನ ರೂಮಿನ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಸಭೆ ಇದೆ. ಪೇಂಟು ಉದುರಿದ ಗೋಡೆ, ಅಲುಗಾಡುವ ಬೆಂಚು. ಮೊದಲ ದಿನ ಆರಾಧನೆ ಮುಗಿದ ಮೇಲೆ ಅಲ್ಲಿನ ವಯಸ್ಸಾದ ಪಾಸ್ಟರ ಹತ್ತಿರ ಹೋಗಿ, ನಾನೇನು ಮಾಡಲಿ ಎಂದು ಕೇಳಿದೆ. ಹಾಡಲಾ, ಮಕ್ಕಳಿಗೆ ಪಾಠ ಹೇಳಲಾ, ಗುಡಿಸಲಾ, ಸಾಕ್ಷಿ ಹೇಳಲಾ? ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಏನೂ ಬೇಡಮ್ಮ. ಬಂದ್ರಿ, ಕೂತ್ಕೊಂಡ್ರಿ. ಅಷ್ಟೇ ಸಾಕು" ಅಂದರು.

ನನಗೆ ಮೈ ಉರಿದುಹೋಯಿತು. ನನ್ನನ್ನು ಯಾವ ಕೆಲಸಕ್ಕೂ ಬಾರದವಳು ಎಂದುಕೊಂಡರೇ ಎಂದು ಎರಡು ವಾರ ಆ ಕಡೆ ಹೋಗಲಿಲ್ಲ. ಮತ್ತೆ ಹೋದಾಗ ಕೊನೆಯ ಬೆಂಚಿನಲ್ಲಿ ಕೂತು, ಪ್ರಸಂಗದ ಮಧ್ಯೆ ನಿದ್ದೆ ಹೋದೆ. ಪಾಸ್ಟರ ಮಗಳು ಪ್ರಸಂಗದಲ್ಲಿ ನಿದ್ದೆ ಮಾಡಿದ್ದು. ಎಚ್ಚರವಾದಾಗ ಜನರೆಲ್ಲ ಎದ್ದು ಹೋಗಿದ್ದರು. ಯಾರೂ ನನ್ನನ್ನು ಎಬ್ಬಿಸಿರಲಿಲ್ಲ. ಮುಖಕ್ಕೆ ಬಿಸಿಲು ಬೀಳುತ್ತದೆಂದು ಯಾರೋ ಕಿಟಕಿ ಹಾಕಿ ಹೋಗಿದ್ದರು. ಅಲ್ಲೇ ಕೂತು ಅತ್ತೆ. ದೇವರು ಇದ್ದಾನೆ ಎಂದು ನನಗೆ ಅನಿಸಿದ್ದು ಆ ಮುಚ್ಚಿದ ಕಿಟಕಿಯ ಪಕ್ಕದಲ್ಲಿ.

ನಮ್ಮ ಹಳೇ ಸಭೆಯ ಗೋಡೆಯ ಮೇಲೆ ದಣಿದವರೇ ನನ್ನ ಬಳಿಗೆ ಬನ್ನಿ, ವಿಶ್ರಾಂತಿ ಕೊಡುತ್ತೇನೆ ಎಂಬ ವಚನವನ್ನು ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದಿರಿ. ಅದರ ಕೆಳಗೇ ನಾನು ಹಲ್ಲು ಕಚ್ಚಿಕೊಂಡು ನಡೆಯುತ್ತಿದ್ದೆ. ನಾನು ಬಿಟ್ಟದ್ದು ಆ ನಡಿಗೆಯನ್ನು, ದೇವರನ್ನಲ್ಲ.

ಪ್ರಶ್ನೆ ಹಾಗೇ ಉಳಿದಿದೆ. ನಿಮಗೆ ಗೊತ್ತಿತ್ತಾ?

ಮಗಳು

ಜೂನ್ ೬

ಮಗಳೇ,

ಎಷ್ಟೋ ಸಲ ಬರೆದು ಹರಿದು ಹಾಕಿದೆ. ಎಲ್ಲವೂ ಪ್ರಸಂಗದ ಹಾಗೆ ಆಗುತ್ತಿದ್ದವು.

ಗೊತ್ತಿತ್ತು.

ಆ ದಿನ ಗೊತ್ತಿರಲಿಲ್ಲ. ಆ ದಿನ ನಿನ್ನ ಕಾಲು ನನ್ನ ಕೈಯಲ್ಲಿ ಬೆಳೆದದ್ದನ್ನು ಕಂಡೆ, ನಂಬಿದೆ. ಮರುದಿನ ಬೆಳಿಗ್ಗೆ ನೀನು ಸ್ನಾನ ಮುಗಿಸಿ ಬರಿಗಾಲಲ್ಲಿ ಪಡಸಾಲೆಯ ತುಂಬ ಓಡಿದೆ. ನೆಲದ ಮೇಲೆ ಒದ್ದೆ ಹೆಜ್ಜೆಗಳು ಬಿದ್ದವು. ಬಲಗಾಲಿನದು ಇಡೀ ಪಾದ. ಎಡಗಾಲಿನದು ಬರೀ ಮುಂಗಾಲು. ಹಿಮ್ಮಡಿ ನೆಲಕ್ಕೆ ತಾಗಿರಲಿಲ್ಲ. ನಾನು ಟವೆಲ್ ತಂದು ಅಷ್ಟನ್ನೂ ಒರೆಸಿದೆ, ನಿನ್ನ ಅಮ್ಮ ನೋಡುವ ಮುಂಚೆ. ಅವಳ ನಂಬಿಕೆ ಕೆಡಬಾರದು ಎಂದುಕೊಂಡೆ.

ಹೊರಗೆ ಆಗಲೇ ಜನ ಬಂದು ನಿಂತಿದ್ದರು. ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಅವರಿಗೆ ಏನೆಂದು ಹೇಳಲಿ? ನಾವು ನಂಬಿ ನಡೆದರೆ ಉಳಿದದ್ದನ್ನು ದೇವರು ಪೂರೈಸುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಪ್ರತಿ ವರ್ಷ ನೀನು ಬಾಗಿಲಿನಿಂದ ಬರುವಾಗ ನಿನ್ನ ಮುಖ ನೋಡುತ್ತಿದ್ದೆ, ಕಾಲು ನೋಡುತ್ತಿರಲಿಲ್ಲ. ಒಂದು ಸಲ ಅಮ್ಮ ಬೂಟಿನೊಳಗೆ ಬಟ್ಟೆ ಇಟ್ಟು ಹೊಲಿಯುವುದು ಕಣ್ಣಿಗೆ ಬಿತ್ತು. ಸದ್ದು ಮಾಡದೆ ಹಿಂದೆ ಸರಿದೆ. ಆ ಭಾನುವಾರದ ಪ್ರಸಂಗ ಬಹಳ ಚೆನ್ನಾಗಿ ಬಂತು.

ನನ್ನ ಮೊಣಕಾಲು ಹೋಗಿದೆ ಮಗಳೇ. ಪೀಠವನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿರುತ್ತೇನೆ. ಜನ ಅದನ್ನು ಪವಿತ್ರಾತ್ಮನ ಅಭಿಷೇಕ ಎಂದುಕೊಳ್ಳುತ್ತಾರೆ. ಡಾಕ್ಟರ ಹತ್ತಿರ ಹೋದರೆ ಯಾರಾದರೂ ನೋಡುತ್ತಾರೆ. ಸಾಕಾಗಿದೆ.

ಇದನ್ನು ಯಾರಿಗೂ ಹೇಳಿಲ್ಲ. ನಿನಗೆ ಮಾತ್ರ.

ಅಪ್ಪ

ಜೂನ್ ೧೫

ಅಪ್ಪಾ,

ಓದಿದೆ. ಹೊಲಿಗೆ ಯಂತ್ರದ ಮುಂದೆ ಕೂತು ಅತ್ತೆ. ಚರ್ಮ ನೆನೀತದೆ, ಆ ಕಡೆ ಕೂತು ಅಳು ಎಂದು ಮೇಸ್ತ್ರಿ ಗದರಿದರು. ಆಮೇಲೆ ತಾವೇ ಹೋಗಿ ಟೀ ತಂದುಕೊಟ್ಟರು.

ಸಿಟ್ಟು ಹೋಗಿಲ್ಲ. ನೀವು ನೆಲ ಒರೆಸಿದ್ದು, ಅಮ್ಮ ಬಟ್ಟೆ ಹೊಲಿದದ್ದು, ನಾನು ನಗುತ್ತಾ ನಡೆದದ್ದು ಎಲ್ಲ ನೆನೆದರೆ ಯಾರನ್ನು ಬೈಯಬೇಕೋ ತಿಳಿಯುವುದಿಲ್ಲ. ಒಂದೇ ಮನೆಯಲ್ಲಿ ಮೂರು ಜನ ಒಬ್ಬರಿಗೊಬ್ಬರು ಕಾಣದ ಹಾಗೆ ಒಂದೇ ಕಾಲನ್ನು ಬಚ್ಚಿಟ್ಟೆವು.

ಆದರೂ ಇದು ನೀವು ನನಗೊಬ್ಬಳಿಗೇ ಹೇಳಿದ ಮೊದಲ ಮಾತು. ಹುಟ್ಟಿದಾಗಿನಿಂದ ನಿಮ್ಮನ್ನು ಸಭೆಯ ಜೊತೆ ಹಂಚಿಕೊಂಡೇ ಬೆಳೆದಿದ್ದೇನೆ. ಇದೊಂದನ್ನು ಹಂಚಿಕೊಳ್ಳಬೇಕಿಲ್ಲ. ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ.

ಮಗಳು

ಜುಲೈ ೮

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ವಂದನೆಗಳು. ಸ್ತೋತ್ರ, ಸಾವಿರ ಸ್ತೋತ್ರ. ನಿನ್ನ ಕಾಗದ ಬಂದ ಮೇಲೆ ನನ್ನ ಎದೆಯಿಂದ ಬಂಡೆ ಇಳಿದಂತಾಯಿತು. ಇಂಥ ಬಿಡುಗಡೆಯನ್ನು ನಾನೊಬ್ಬನೇ ಇಟ್ಟುಕೊಳ್ಳಬಾರದು ಎಂದು ಆತ್ಮನ ಪ್ರೇರಣೆಯಾಯಿತು. ಭಾನುವಾರ ಎಲ್ಲವನ್ನೂ ಸಭೆಯ ಮುಂದೆ ಇಟ್ಟೆ.

ನೀನು ನೋಡಬೇಕಿತ್ತು. ಎಲ್ಲಿ ಎದ್ದು ಹೋಗುತ್ತಾರೋ ಎಂದು ಹೆದರಿದ್ದೆ. ಒದ್ದೆ ಹೆಜ್ಜೆಯ ಮಾತು ಬಂದಾಗ ಸಭೆ ಪೂರ್ತಿ ಬಿಕ್ಕಿ ಬಿಕ್ಕಿ ಅತ್ತಿತು. ಖಜಾಂಚಿ ಓಡಿಬಂದು ನನ್ನನ್ನು ತಬ್ಬಿಕೊಂಡರು. ಎಷ್ಟೋ ವರ್ಷಗಳಿಂದ ಇಂಥ ಆರಾಧನೆ ಆಗಿರಲಿಲ್ಲ. ಬೇರೆ ಸಭೆಗಳವರೂ ಬಂದು ಹೇಳಿ ಎಂದು ಕರೆಯುತ್ತಿದ್ದಾರೆ.

ನೀನು ನನ್ನ ಪಕ್ಕದಲ್ಲಿ ನಿಂತರೆ ಸಾಕ್ಷಿ ಪೂರ್ತಿಯಾಗುತ್ತದೆ. ಈ ಸಲ ಬಿಳಿ ಬೂಟು ಬೇಡವೇ ಬೇಡ. ನಿನ್ನ ದಪ್ಪ ಅಟ್ಟೆಯ ಬೂಟನ್ನೇ ಹಾಕಿಕೊಂಡು ಕುಂಟುತ್ತಲೇ ಬಾ. ಎಲ್ಲರೂ ನೋಡಲಿ. ನಾನು ನಿನ್ನ ಕಾಲ ಬಳಿ ಮೊಣಕಾಲೂರಿ ಕ್ಷಮೆ ಕೇಳುತ್ತೇನೆ.

ಕರ್ತನ ಸೇವೆಯಲ್ಲಿ,
ನಿನ್ನ ತಂದೆ

ಜುಲೈ ೧೬

ಅಪ್ಪಾ,

ಈ ಬೂಟು ಹಾಕಿಕೊಂಡರೆ ನಾನು ಕುಂಟುವುದೇ ಇಲ್ಲ. ಅದನ್ನು ಮಾಡಿರುವುದೇ ಅದಕ್ಕೆ. ನಿಮ್ಮ ಸಭೆಗಾಗಿ ಮೊದಲು ಕುಂಟದ ಹಾಗೆ ನಟಿಸಿದೆ, ಈಗ ಕುಂಟುವ ಹಾಗೆ ನಟಿಸಬೇಕು. ಚೆನ್ನಾಗಿದೆ.

ನನಗೆ ಮಾತ್ರ ಎಂದು ಬರೆದಿದ್ದಿರಿ. ಅದೊಂದು ಮಾತನ್ನು ನಾನು ಎಷ್ಟು ಸಲ ಓದಿಕೊಂಡೆ ಎಂದು ನಿಮಗೆ ಹೇಳುವುದಿಲ್ಲ, ಹೇಳಿದರೆ ಅದೂ ಪೀಠ ಹತ್ತುತ್ತದೆ. ನನ್ನ ಕಾಲು ತೆಗೆದುಕೊಂಡಿರಿ, ನನ್ನ ಉಪವಾಸ ತೆಗೆದುಕೊಂಡಿರಿ, ಕೊನೆಗೆ ನನಗೆ ಕೊಟ್ಟ ಪಶ್ಚಾತ್ತಾಪವನ್ನೂ ವಾಪಸ್ ತೆಗೆದುಕೊಂಡು ಹಂಚಿಬಿಟ್ಟಿರಿ.

ಕ್ಷಮೆ ಕೇಳಬೇಕೆಂದು ನಿಜವಾಗಿ ಅನಿಸಿದರೆ ಇಲ್ಲಿಗೆ ಬನ್ನಿ. ಭಾನುವಾರ ಬೇಡ, ಕೆಲಸದ ದಿನ ಬನ್ನಿ. ಎಲ್ಲಿಗೆ, ಯಾಕೆ ಎಂದು ಒಬ್ಬರಿಗೂ ಹೇಳದೆ ಬನ್ನಿ. ಹಾಗೆ ಬಂದರೆ ನಂಬುತ್ತೇನೆ. ಅಲ್ಲಿಯವರೆಗೆ ಕಾಗದ ಬೇಡ.

ಮಗಳು

ಸೆಪ್ಟೆಂಬರ್ ೨

ಮಗಳೇ,

ಕಾಗದ ಬೇಡ ಎಂದು ನೀನು ಬರೆದಿದ್ದೆ, ಆದರೂ ಬರೆಯುತ್ತಿದ್ದೇನೆ.

ಮಂಗಳವಾರ ಹೊರಟೆ. ಯಾರಿಗೂ ಹೇಳಲಿಲ್ಲ. ಅಮ್ಮ ಬಾಟಲಿಗೆ ನೀರು ತುಂಬಿ ಕೊಟ್ಟಳು. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಒಬ್ಬ ಪೇಂಟರ್ ಬಂದು ಕೂತ. ಕೈಗೆಲ್ಲ ಸುಣ್ಣಬಣ್ಣ. ಎಲ್ಲಿಗೆ ಹೊರಟ್ರಿ ಅಣ್ಣಾ ಅಂದ. ಮಗಳ ಹತ್ತಿರ ಅಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಕ್ಷಮೆ ಕೇಳೋದಕ್ಕೆ ಎಂದೂ ಸೇರಿಸಿದೆ. ಅಯ್ಯೋ ಯಾಕಣ್ಣಾ ಅಂದ.

ಎಲ್ಲವನ್ನೂ ಹೇಳಿದೆ. ಕುರ್ಚಿ, ಬಿಳಿ ಬೂಟು, ಒದ್ದೆ ಹೆಜ್ಜೆ. ಸಭೆಯಲ್ಲಿ ಎಲ್ಲಿ ನನ್ನ ಧ್ವನಿ ತಗ್ಗುತ್ತದೋ ಅಲ್ಲೇ ತಗ್ಗಿತು. ಅವನು ಕಣ್ಣೊರೆಸಿಕೊಂಡ. ಮುಂದಿನ ಸೀಟಿನವರೂ ತಿರುಗಿ ಕೂತರು. ನನಗೆ ಬಹಳ ಹಿತವಾಗಿತ್ತು. ಆ ಹಿತ ಗೊತ್ತಾದ ಕೂಡಲೇ ನಿನ್ನ ಮಾತು ನೆನಪಾಯಿತು. ಮುಂದಿನ ಸ್ಟಾಪಿನಲ್ಲಿ ಇಳಿದು, ರಸ್ತೆ ದಾಟಿ, ವಾಪಸ್ ಬರುವ ಬಸ್ಸು ಹತ್ತಿದೆ. ಅದರಲ್ಲಿ ಪಕ್ಕದ ಸೀಟು ಖಾಲಿ ಇತ್ತು, ದೇವರ ದಯೆ.

ನೀನು ಇಟ್ಟ ಒಂದೇ ಒಂದು ಪರೀಕ್ಷೆ, ಅದರಲ್ಲೂ ಅರ್ಧ ದಾರಿಗೇ ಸೋತೆ. ಮಾತು ನಿಂತರೆ ನಾನು ಯಾರು ಎಂದು ನನಗೇ ತಿಳಿಯುವುದಿಲ್ಲ. ನನಗೆ ಬೇರೆ ರೀತಿ ಬರುವುದಿಲ್ಲ ಮಗಳೇ. ಇನ್ನು ಕರೆಯಬೇಡ.

ಬಿಳಿ ಬೂಟನ್ನು ಅಮ್ಮ ಹಳೇ ಸಾಮಾನಿನವನಿಗೆ ಹಾಕಿದಳು. ನಾನು ನೋಡುತ್ತಾ ನಿಂತಿದ್ದೆ.

ಅಪ್ಪ

ಸೆಪ್ಟೆಂಬರ್ ೯

ಅಪ್ಪಾ,

ನಿಮ್ಮ ಕಾಗದ ಓದಿ ಮೊದಲು ನಕ್ಕೆ. ಆಮೇಲೆ ಎಲ್ಲರ ಮೇಲೂ ರೇಗಿದೆ. ಮೇಸ್ತ್ರಿ ನನ್ನನ್ನು ಬೇಗ ಮನೆಗೆ ಕಳಿಸಿದರು.

ಹಳೇ ದಾರಿಯನ್ನೇ ಕಣ್ಮುಂದೆ ತಂದುಕೊಂಡೆ. ಬಾಗಿಲಿನಿಂದ ಪೀಠದವರೆಗೆ. ಈ ಸಲ ಪೀಠದ ಮೇಲೆ ನಾನು ನಿಂತಿದ್ದೆ, ಬಾಗಿಲಲ್ಲಿ ನೀವು. ಕುಂಟದೆ ನಡೆದು ತೋರಿಸಿ, ಆಮೇಲೆ ನಂಬುತ್ತೇನೆ ಎಂದೆ. ನೀವು ಕುಂಟಿದಿರಿ. ನಿಮ್ಮ ಮಗಳೇ ತಾನೆ, ಇನ್ನು ಹೇಗಿರುತ್ತೇನೆ.

ಕ್ಷಮಿಸಿಲ್ಲ. ಅದನ್ನು ಕೇಳಲೆಂದು ಬರಬೇಡಿ. ಸಿಟ್ಟು ಇಳಿದ ಮೇಲೆ ಕರೆಯೋಣ ಎಂದುಕೊಂಡರೆ ಅದೂ ಇನ್ನೊಂದು ಷರತ್ತಾಗುತ್ತದೆ. ಅದಕ್ಕೇ ಸಿಟ್ಟಿರುವಾಗಲೇ ಬರೆಯುತ್ತಿದ್ದೇನೆ. ಬಸ್ಸಿನ ತುಂಬ ಹೇಳಿಕೊಂಡೇ ಬನ್ನಿ. ಡ್ರೈವರಿಗೂ ಹೇಳಿ, ಕಂಡಕ್ಟರಿಗೂ ಹೇಳಿ. ಯಾರು ಅತ್ತರೂ ಇಳಿಯಬೇಡಿ, ಕೊನೆಯ ಸ್ಟಾಪಿನವರೆಗೂ ಕೂತಿರಿ. ಅಮ್ಮನನ್ನೂ ಕರೆದುಕೊಂಡು ಬನ್ನಿ.

ವರ್ಕ್‌ಶಾಪಿನೊಳಗೆ ಯಂತ್ರದ ಸದ್ದು, ನೀವು ಏನು ಹೇಳಿದರೂ ಯಾರಿಗೂ ಕೇಳಿಸುವುದಿಲ್ಲ. ಮೇಸ್ತ್ರಿ ಆ ಸ್ಟೂಲು ತೋರಿಸುತ್ತಾರೆ. ಬೆನ್ನು ಗೋಡೆಗೆ ತಾಗಿಸಿ ಕೂತುಕೊಳ್ಳಿ. ಆ ಮೊಣಕಾಲಿಗೆ ಏನು ಮಾಡಲು ಬರುತ್ತದೋ ನೋಡೋಣ.

ನಿಮ್ಮ ಹಿಮ್ಮಡಿಗಳನ್ನು ನಾನು ಕೈಯಲ್ಲಿ ಹಿಡಿದುಕೊಂಡಾಗ ಕಣ್ಣು ಮುಚ್ಚಬೇಡಿ. ಪ್ರಾರ್ಥನೆ ಮಾಡುವುದಿಲ್ಲ. ಅಳತೆ ತೆಗೆದುಕೊಳ್ಳುತ್ತೇನೆ, ಅಷ್ಟೆ.

ಮಗಳು